ಹಿಂದಿನ ವೀರನೂ ಇಂದಿನ ಓಟಗಾರನೂ



1952ನೆಯ ಇಸವಿ ಜುಲೈ 19ನೆಯ ದಿನ ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ಮಳೆ ಸುರಿಯುತ್ತಿತ್ತು. ಒಲಿಂಪಿಕ್ ಕ್ರೀಡೆಗಳ ಪ್ರಾರಂಭೋತ್ಸವಕ್ಕೆಂದು ನೆರೆದಿದ್ದ ನಾನಾ ದೇಶಗಳ ಕ್ರೀಡಾಪಟುಗಳು ತಂತಮ್ಮ ಧ್ವಜಗಳ ಹಿಂದೆ ಸಾಲುಸಾಲಾಗಿ ಮೈದಾನದ ನಡುವಣ ಹುಲ್ಲಿನ ಮೇಲೆ ತೊಯ್ಯುತ್ತ ನಿಂತಿದ್ದರು. ಜ್ಯೋತಿಯನ್ನು ಒಳಕ್ಕೆ ತರುವವನು ಯಾರೆಂಬುದನ್ನು ಕಡೆಯವರೆಗೂ ಗುಟ್ಟಾಗಿಟ್ಟಿದ್ದರು. ದ್ವಾರದಲ್ಲಿ ಕಾಣಿಸಿಕೊಂಡವನು ತಲೆಗೂದಲು ಉದುರಿದ, ಐವತ್ತೈದು ವರ್ಷದ, ಮುಖದಲ್ಲಿ ನಗೆಯ ಸುಳಿವಿಲ್ಲದ ಒಬ್ಬ ಮನುಷ್ಯ. ಆದರೆ ಆತನ ಹೆಜ್ಜೆಯ ನೀಳವಾದ, ಏರುಪೇರಿಲ್ಲದ ಗತಿಯನ್ನು ಕಂಡೊಡನೆಯೆ ಫಿನ್ಲೆಂಡಿನ ಜನ ಅದು ಯಾರದೆಂದು ಬಲ್ಲವರಾದರು. ಫಲಕದ ಮೇಲೆ ಪಾವೊ ನುರ್ಮಿ ಎಂಬ ಹೆಸರು ಮೂಡುವಷ್ಟರಲ್ಲಿ, ಶಿಸ್ತಿನಿಂದ ನಿಂತಿದ್ದ ಆ ಸಾಲುಗಳು ಮುರಿದುವು; ಲೋಕದ ಬಲಾಢ್ಯರಾದ ತರುಣ ತರುಣಿಯರು ಮಕ್ಕಳಂತೆ ಓಡಿಬಂದು ಪಥದ ಅಂಚಿಗೆ ಮುತ್ತಿಕೊಂಡರು. ಗೋಪುರದ ಮೇಲಣ ಜ್ಯೋತಿಯನ್ನು ಬೆಳಗಿದವನು ನುರ್ಮಿಗಿಂತಲೂ ಹಿರಿಯ ಓಟಗಾರನಾದ ಹಾನ್ನೆಸ್ ಕೊಲೆಹ್ಮೈನೆನ್. ಮಾರನೆಯ ದಿನ ಅದೇ ಪಥದ ಮೇಲೆ 10,000 ಮೀಟರ್ ಓಟವನ್ನು ಗೆದ್ದವನು ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್.

ಒಂದು ದಿನದ ಅಂತರದಲ್ಲಿ ಮೂರು ತಲೆಮಾರುಗಳು ಒಂದೇ ನೆಲದ ಮೇಲೆ ಹಾದುಹೋದ ಈ ಪ್ರಸಂಗವನ್ನು ನೆನೆದಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪಥದ ಅಂಚಿಗೆ ಓಡಿಬಂದು ಮುದುಕನಿಗೆ ಕೈಬೀಸಿದ ಓಟಗಾರನ ಅಂತರಂಗದಲ್ಲಿ ಆ ಕ್ಷಣ ಇದ್ದುದೇನು? ಭಕ್ತಿಯೆ? ಹಾಗಿದ್ದರೆ ಆತನ ದಾಖಲೆಯನ್ನು ಅಳಿಸುವುದಕ್ಕಾಗಿ ಪ್ರತಿದಿನವೂ ದೇಹವನ್ನು ದಂಡಿಸಿಕೊಳ್ಳುವುದು ಯಾವ ಬಗೆಯ ಭಕ್ತಿ? ಸ್ಪರ್ಧೆಯೆ? ಹಾಗಿದ್ದರೆ ಕಣ್ಣು ಹನಿಗೂಡಿದ್ದೇಕೆ? ಈ ಹೊತ್ತು ನಿಮ್ಮೊಡನೆ ಈ ವಿಷಯವನ್ನು ಕುರಿತು ಕೆಲವು ಮಾತನ್ನಾಡಬೇಕೆಂದು ಬಂದಿದ್ದೇನೆ.

ಮೊದಲಿಗೆ ಒಂದು ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗರಡಿಯ ಪೈಲ್ವಾನನು ಗತಿಸಿಹೋದ ಉಸ್ತಾದನೊಡನೆ ಕುಸ್ತಿ ಹಿಡಿಯಲಾರ. ಎಷ್ಟು ಬಲ್ಲಿದನಾದರೂ ಅಖಾಡದ ಮಣ್ಣಿನಲ್ಲಿ ಎದುರಿಗೆ ನಿಂತವನನ್ನು ಮಾತ್ರವೆ ಅವನು ಕೆಡವಬಲ್ಲನು. ಗಾಯಕನು ಹಿಂದಿನ ಗಾಯಕನನ್ನು ಮೀರಿದನೆಂದರೆ ಅದು ರಸಿಕರ ಅಭಿಪ್ರಾಯವಾದೀತೇ ಹೊರತು ನಿರ್ಣಯವಾಗಲಾರದು. ದೂರದ ಓಟಗಾರನ ಸ್ಥಿತಿ ಹಾಗಲ್ಲ. ನಾನೂರು ಮೀಟರಿನ ಇಪ್ಪತ್ತೈದು ಸುತ್ತು ಎಂಬುದು ಅಜ್ಜನಿಗೂ ಅಷ್ಟೆ, ಮೊಮ್ಮಗನಿಗೂ ಅಷ್ಟೆ. ಹಿಂದಿನವನು ಅದನ್ನು ಇಷ್ಟು ನಿಮಿಷ, ಇಷ್ಟು ಸೆಕೆಂಡಿನಲ್ಲಿ ಮುಗಿಸಿದನೆಂದು ಬರೆದಿಟ್ಟಿರುವುದರಿಂದ, ಅವನು ಮನೆಗೆ ಹೋಗಿದ್ದರೂ, ಮಣ್ಣಾಗಿದ್ದರೂ, ಆ ಓಟ ಮಾತ್ರ ಇನ್ನೂ ನಡೆಯುತ್ತಲೇ ಇರುತ್ತದೆ. ಪಥ ಬದಲಾಗಿದೆಯೆಂಬುದು ನಿಜ. ನುರ್ಮಿ ಓಡಿದ್ದು ಕಲ್ಲಿದ್ದಲಿನ ಕಿಟ್ಟವನ್ನು ಹಾಸಿ ಅಡಕಿದ ನೆಲದ ಮೇಲೆ, ಇಂದಿನವರು ಓಡುವುದು ರಬ್ಬರಿನಂತೆ ಪುಟಿಯುವ ಹಾಸಿನ ಮೇಲೆ. ಪಾದರಕ್ಷೆ ಬೇರೆ, ಆಹಾರ ಬೇರೆ, ಮುಂದೆ ಓಡಿ ವೇಗವನ್ನು ಕಾಯ್ದುಕೊಡುವ ಸಹಾಯಕರ ವ್ಯವಸ್ಥೆಯೂ ಬೇರೆ. ಆದಕಾರಣ ನುರ್ಮಿ ಇಂದು ಓಡಿದ್ದರೆ ಎಷ್ಟನೆಯವನಾಗುತ್ತಿದ್ದ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ಕುತೂಹಲವೆಲ್ಲ ಓಡುವವನ ಮನಸ್ಸಿನ ಕಡೆಗೆ.

ಆ ಮನಸ್ಸನ್ನು ನಮ್ಮ ಕಥೆಗಳ ಪೈಕಿ ಎಲ್ಲಿಯಾದರೂ ಹುಡುಕಬೇಕೆಂದರೆ ನಾನು ಏಕಲವ್ಯನ ಬಳಿಗೆ ಹೋಗುತ್ತೇನೆ. ಗುರುವಾದ ದ್ರೋಣನಿಗೆ ಗೊತ್ತಿಲ್ಲದಂತೆ, ಗುರುವಿನ ಮಣ್ಣಿನ ಪ್ರತಿಮೆಯನ್ನು ಕಾಡಿನ ನಡುವೆ ನಿಲ್ಲಿಸಿಕೊಂಡು, ಅದರ ಎದುರಿನಲ್ಲಿ ಹಗಲಿರುಳು ಬಾಣ ಹೂಡಿದವನು ಅವನು. ದೂರದ ಓಟವನ್ನು ಆಳಿದ ಬಹುಮಂದಿ ವೀರರ ಶಿಕ್ಷಣ ಆಗಿರುವುದು ಈ ರೀತಿಯಲ್ಲಿಯೆ.

ನುರ್ಮಿಯನ್ನೇ ನೋಡಿ. ಅವನು ಟುರ್ಕು ಎಂಬ ಊರಿನ ಬಡಗಿಯೊಬ್ಬನ ಮಗ; ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಓದು ಬಿಟ್ಟು, ಸಾಮಾನಿನ ಕೈಗಾಡಿಯನ್ನು ಏರುದಾರಿಯಲ್ಲಿ ತಳ್ಳುವ ಕೆಲಸಕ್ಕೆ ಸೇರಿದ ಹುಡುಗ. 1912ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಕೊಲೆಹ್ಮೈನೆನ್ ಮೂರು ಚಿನ್ನದ ಪದಕಗಳನ್ನು ಗೆದ್ದ ಸುದ್ದಿ ಬಂದಾಗ ನುರ್ಮಿಗೆ ಹದಿನೈದು ವರ್ಷ. ಫಿನ್ಲೆಂಡ್ ಆಗ ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದುದರಿಂದ, ಗೆದ್ದವನು ಫಿನ್ಲೆಂಡಿನವನಾದರೂ ಮೇಲೇರಿದ ಧ್ವಜ ರಷ್ಯದ್ದು. ಆ ವ್ಯಥೆಯೂ ಆ ಹೆಮ್ಮೆಯೂ ಕೂಡಿ ಒಂದು ಸಣ್ಣ ದೇಶದ ಬಾಲಕರ ಎದೆಯಲ್ಲಿ ಏನೆಲ್ಲ ಕಿಚ್ಚನ್ನು ಹೊತ್ತಿಸಿರಬಹುದೆಂಬುದನ್ನು ಪರಾಧೀನತೆಯನ್ನು ಕಂಡುಂಡ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನು ಓಟಕ್ಕೆಂದು ತನ್ನ ಮೊದಲ ಜೊತೆ ಪಾದರಕ್ಷೆಯನ್ನು ಕೊಂಡನು. ಎಂಟು ವರ್ಷಗಳ ತರುವಾಯ ಆಂಟ್ವರ್ಪಿನ ಒಲಿಂಪಿಕ್ ಕ್ರೀಡೆಗಳಲ್ಲಿ, ಅವನು ಬಾಲ್ಯದಲ್ಲಿ ನಿಲ್ಲಿಸಿಕೊಂಡಿದ್ದ ಆ ಮಣ್ಣಿನ ಪ್ರತಿಮೆ ಜೀವ ತಳೆದು ಅವನ ತಂಡದಲ್ಲಿಯೆ ಇತ್ತು: ನುರ್ಮಿ ತನ್ನ ಮೊದಲ ಚಿನ್ನದ ಪದಕಗಳನ್ನು ಗೆದ್ದ ಕ್ರೀಡೆಗಳಲ್ಲಿಯೆ ಕೊಲೆಹ್ಮೈನೆನ್ ಮ್ಯಾರಥಾನ್ ಓಟವನ್ನು ಗೆದ್ದು ತನ್ನ ಬಾಳಿಗೆ ಕಳಶವಿಟ್ಟುಕೊಂಡನು.

ನುರ್ಮಿ ಮಾತುಗಾರನಲ್ಲ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಓಡುತ್ತಿದ್ದ, ಪಕ್ಕದವನನ್ನು ನೋಡದೆ ಗಡಿಯಾರವನ್ನು ನೋಡುತ್ತಿದ್ದ ಆ ಮನುಷ್ಯನನ್ನು ಪತ್ರಿಕೆಗಳವರು ಯಂತ್ರವೆಂದು ಕರೆದರು. ನನಗೆ ಹಾಗೆನ್ನಿಸುವುದಿಲ್ಲ. ಸರೀಕರಲ್ಲಿ ತನಗೆ ಸಮನಾದವರು ವಿರಳವೆಂಬುದು ಗೊತ್ತಾದ ಮೇಲೆ ಸ್ಪರ್ಧಿಸಲು ಉಳಿದದ್ದು ಕಾಲವೊಂದೇ; ಆ ಕಾಲವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಓಡಿದನು. 1924ರ ಜುಲೈ 10ರಂದು ಪ್ಯಾರಿಸ್ಸಿನಲ್ಲಿ 1,500 ಮೀಟರ್ ಮತ್ತು 5,000 ಮೀಟರ್ ಓಟಗಳನ್ನು ಸುಮಾರು ಒಂದು ಗಂಟೆಯ ಅಂತರದಲ್ಲಿ ಗೆದ್ದನು. ಅಲ್ಲಿ 10,000 ಮೀಟರ್ ಓಟಕ್ಕೆ ಅವನನ್ನು ತಂಡದ ಅಧಿಕಾರಿಗಳು ಇಳಿಸಲಿಲ್ಲ. ಆ ಕೊರಗನ್ನು ಆಗಸ್ಟ್ ತಿಂಗಳ ಕಡೆಯಲ್ಲಿ ಸ್ವದೇಶದ ಕುವೊಪಿಯೊ ಎಂಬ ಊರಿನಲ್ಲಿ ಅದೇ ದೂರವನ್ನು 30 ನಿಮಿಷ 6.2 ಸೆಕೆಂಡಿನಲ್ಲಿ ಓಡಿ ತೀರಿಸಿಕೊಂಡನು. ಆ ದಾಖಲೆ 1937ರವರೆಗೆ ಅಳಿಯಲಿಲ್ಲ. ಒಂಬತ್ತು ಚಿನ್ನದ ಪದಕಗಳಾದ ಮೇಲೆಯೂ ಅವನಲ್ಲಿ ಒಂದು ಆಸೆ ಉಳಿದಿತ್ತೆಂಬುದೇ ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದ ಸಂಗತಿ: ಕೊಲೆಹ್ಮೈನೆನ್ ಮಾಡಿದಂತೆಯೆ ತಾನೂ ಮ್ಯಾರಥಾನ್ ಗೆದ್ದು ಓಟವನ್ನು ಮುಗಿಸಬೇಕು. 1932ರಲ್ಲಿ ಲಾಸ್ ಏಂಜಲೀಸಿಗೆ ಹೋದದ್ದು ಅದಕ್ಕಾಗಿ. ಹಣ ಪಡೆದು ಓಡಿದನೆಂಬ ಆರೋಪದ ಮೇಲೆ ಅವನನ್ನು ಕಣಕ್ಕೆ ಇಳಿಯಗೊಡಲಿಲ್ಲ. ಗುರುವು ಹಾಕಿದ ಕಡೆಯ ಗೆರೆಯ ಮೇಲೆ ಹೆಜ್ಜೆಯಿಡುವ ಭಾಗ್ಯ ಶಿಷ್ಯನಿಗೆ ದೊರೆಯದೆ ಹೋಯಿತು.

ಇಪ್ಪತ್ತು ವರ್ಷದ ಮೇಲೆ ನುರ್ಮಿಯ ದೇಶದಲ್ಲಿ, ಶಿಲ್ಪಿ ಆಲ್ಟೊನೆನ್ ರೂಪಿಸಿದ ನುರ್ಮಿಯ ಕಂಚಿನ ಪ್ರತಿಮೆ ಹೊರಗೆ ನಿಂತಿದ್ದ ಆ ಕ್ರೀಡಾಂಗಣದಲ್ಲಿ, ಝಾಟೊಪೆಕ್ 10,000 ಮೀಟರನ್ನೂ 5,000 ಮೀಟರನ್ನೂ ಗೆದ್ದು, ಅದಕ್ಕೆ ಮುನ್ನ ಒಮ್ಮೆಯೂ ಓಡಿ ಅರಿಯದಿದ್ದ ಮ್ಯಾರಥಾನ್‌ ಓಟಕ್ಕೂ ಇಳಿದು, ಅದನ್ನೂ ಗೆದ್ದನು. ಝ್ಲೀನ್ ಎಂಬಲ್ಲಿಯ ಬಾಟಾ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿದು ಬೆಳೆದ ಈ ಮನುಷ್ಯ ನುರ್ಮಿಯನ್ನು ಆದರ್ಶವಾಗಿ ಇಟ್ಟುಕೊಂಡವನು. ಆದರೆ ನುರ್ಮಿಯ ರೀತಿಯನ್ನು ಅನುಕರಿಸಲಿಲ್ಲ. ನುರ್ಮಿಯ ಮೌನಕ್ಕೆ ಎದುರಾಗಿ ಇವನ ವಾಚಾಳಿತನ; ಅವನ ಸುಲಲಿತವಾದ ಗತಿಗೆ ಎದುರಾಗಿ ಕತ್ತು ಓರೆಮಾಡಿ, ಮುಖ ಕಿವುಚಿ, ಯಾತನೆಯನ್ನೆಲ್ಲ ಬಯಲಿಗಿಟ್ಟು ಓಡುವ ಇವನ ಪರಿ. ಸೈನಿಕರ ಭಾರವಾದ ಬೂಟು ತೊಟ್ಟು, ನಾನೂರು ಮೀಟರಿನ ವೇಗದ ಓಟಗಳನ್ನು ಒಂದೇ ದಿನದಲ್ಲಿ ಹತ್ತಾರು ಸಾರಿ ಮಾಡಿ ಇವನು ಕಂಡುಕೊಂಡ ಸಾಧನೆಯ ಕ್ರಮ ಇವನದೇ. ಆದರ್ಶವೆಂಬುದು ಅನುಕರಣೆಯಲ್ಲವೆಂಬುದನ್ನು ಹೀಗೆ ಮಾಡಿ ತೋರಿಸಿದವರು ಸಾಹಿತ್ಯದಲ್ಲಿಯೂ ವಿರಳ. 1950ರ ಆಗಸ್ಟ್ 4ರಂದು ಝಾಟೊಪೆಕ್ 10,000 ಮೀಟರ್ ದಾಖಲೆಯನ್ನು 29 ನಿಮಿಷ 2.6 ಸೆಕೆಂಡಿಗೆ ಇಳಿಸಿದ್ದು ಟುರ್ಕುವಿನಲ್ಲಿ, ನುರ್ಮಿ ಹುಟ್ಟಿ ಕೈಗಾಡಿ ತಳ್ಳಿದ ಊರಿನಲ್ಲಿ. ಕುವೊಪಿಯೊದಲ್ಲಿ ನುರ್ಮಿ ಹಿಡಿದ ಕಾಲಕ್ಕಿಂತ ಅದು ಒಂದು ನಿಮಿಷಕ್ಕೂ ಮಿಗಿಲಾಗಿ ಕಡಮೆ. ಇದನ್ನು ಅಪಚಾರವೆನ್ನುವಿರೊ, ಪೂಜೆಯೆನ್ನುವಿರೊ?

ಗುರುವಾದವನು ಶಿಷ್ಯನ ಕೈಯಲ್ಲಿ ಸೋಲುವುದನ್ನು ಬಯಸುತ್ತಾನೆಂದು ನಮ್ಮ ಹಿರಿಯರು ಹೇಳುವುದುಂಟು. ಒಪ್ಪತಕ್ಕ ಮಾತೆ. ಆದರೆ ಅದು ಗುರುವಿನ ಮನಸ್ಸನ್ನು ಕುರಿತ ಮಾತು. ಶಿಷ್ಯನು ಏನನ್ನು ಬಯಸುತ್ತಾನೆ? ಗುರುವು ಸೋಲಲೆಂದೆ? ಹಾಗೆಂದು ನಾವು ಸುಲಭವಾಗಿ ಭಾವಿಸಿಬಿಡುತ್ತೇವೆ. ಓಟಗಾರರ ಚರಿತ್ರೆಯನ್ನು ನೋಡಿದಷ್ಟೂ ನನಗೆ ಬೇರೊಂದು ತೋರುತ್ತದೆ. ಅದನ್ನು ಹೇಳಲು ಇಥಿಯೋಪಿಯಕ್ಕೆ ಹೋಗಬೇಕು.

1980ರಲ್ಲಿ ಮಾಸ್ಕೊ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಮಿರುಟ್ಸ್ ಯಿಫ್ಟರ್ ಎಂಬ ಇಥಿಯೋಪಿಯದ ಕೃಶಕಾಯನು 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದ ವಾರ್ತೆಯನ್ನು, ಅಸೆಲಾ ಎಂಬ ಊರಿನ ಬಳಿಯ ಒಬ್ಬ ರೈತನ ಮನೆಯಲ್ಲಿ, ತಂದೆಯ ರೇಡಿಯೊಗೆ ಕಿವಿಗೊಟ್ಟು ಏಳು ವರ್ಷದ ಬಾಲಕನೊಬ್ಬನು ಕೇಳಿದನು. ಬಾನುಲಿಯ ಎದುರಿನಲ್ಲಿ ಕುಳಿತು ಮಾತನಾಡುತ್ತಿರುವ ನನಗೆ ಈ ಚಿತ್ರ ವಿಶೇಷವಾಗಿ ಪ್ರಿಯವಾದದ್ದು. ಓಡುವವನ ಮುಖವನ್ನು ಕಾಣದೆ, ಹೆಜ್ಜೆಯನ್ನು ಕಾಣದೆ, ಗಾಳಿಯಲ್ಲಿ ತೇಲಿಬಂದ ದನಿಯೊಂದರಿಂದಲೆ ಆ ಮಗು ತನ್ನ ದ್ರೋಣನನ್ನು ಕಡೆದುಕೊಂಡಿತು. ಹೈಲೆ ಗೆಬ್ರೆಸಿಲಾಸಿ ಎಂಬ ಆ ಬಾಲಕನು ಶಾಲೆಗೆ ಹತ್ತು ಕಿಲೊಮೀಟರ್, ಹಿಂದಕ್ಕೆ ಹತ್ತು ಕಿಲೊಮೀಟರ್, ಪುಸ್ತಕಗಳನ್ನು ಎಡಗೈಯಲ್ಲಿ ಅವುಚಿಕೊಂಡು ಓಡುತ್ತಿದ್ದನು. ಲೋಕವಿಖ್ಯಾತನಾದ ಮೇಲೆಯೂ, ಇನ್ನೂ ಪುಸ್ತಕವನ್ನು ಹಿಡಿದಿರುವಂತೆಯೆ ಎಡಗೈಯನ್ನು ಮಡಿಸಿಕೊಂಡು ಓಡುತ್ತಿದ್ದನು. 1996ರಲ್ಲಿ ಅಟ್ಲಾಂಟದಲ್ಲಿ, 2000ದಲ್ಲಿ ಸಿಡ್ನಿಯಲ್ಲಿ, 10,000 ಮೀಟರ್ ಚಿನ್ನ ಅವನದು. ಸಿಡ್ನಿಯಲ್ಲಿ ಕೀನ್ಯದ ಪಾಲ್ ಟೆರ್ಗಾಟನನ್ನು ಸೋಲಿಸಿದ್ದು ಒಂದು ಸೆಕೆಂಡಿನ ನೂರರಲ್ಲಿ ಒಂಬತ್ತು ಪಾಲಿನ ಅಂತರದಿಂದ.

ಇವನ ಹಿಂದೆ ಬಂದವನು ಅದೇ ನಾಡಿನ ಕೆನೆನಿಸಾ ಬೆಕೆಲೆ. 2004ರ ಮೇ ತಿಂಗಳ ಕಡೆಯ ದಿನ ಹೈಲೆಯ 5,000 ಮೀಟರ್ ದಾಖಲೆಯನ್ನು, ಎಂಟು ದಿನಗಳ ತರುವಾಯ ಹೈಲೆಯ 10,000 ಮೀಟರ್ ದಾಖಲೆಯನ್ನು ಅಳಿಸಿದನು. ಆ ಬೇಸಗೆಯಲ್ಲಿ ಅಥೆನ್ಸ್ ಒಲಿಂಪಿಕ್. ಹೈಲೆಯ ಹಿಮ್ಮಡಿಯ ನರಕ್ಕೆ ಪೆಟ್ಟಾಗಿತ್ತು. ಆದರೂ ಕಣಕ್ಕೆ ಬಂದನು. ಓಟದ ಅರ್ಧಕ್ಕಿಂತ ಹೆಚ್ಚು ಭಾಗ ಮುಗಿದ ಮೇಲೆ, ಮುಂದೆ ಓಡುತ್ತಿದ್ದ ಬೆಕೆಲೆ ಮತ್ತು ಸಿಲೇಶಿ ಸಿಹಿನೆ ಎಂಬ ಇಬ್ಬರು ತರುಣರು ಮತ್ತೆ ಮತ್ತೆ ಹಿಂದಿರುಗಿ ನೋಡತೊಡಗಿದರು. ವೈರಿಯು ಎಷ್ಟು ಸಮೀಪಿಸಿದನೆಂದು ನೋಡುವ ನೋಟವಲ್ಲ ಅದು. ಹಿರಿಯನು ಹಿಂದುಳಿಯುತ್ತಿದ್ದನು. ಇವರು ತಮ್ಮ ವೇಗವನ್ನು ತಗ್ಗಿಸಿದರು. ಅವನು ಬಂದು ಕೂಡಿಕೊಳ್ಳಲೆಂದು ಕಾದರು. ಒಲಿಂಪಿಕ್ ಅಂತಿಮ ಪಂದ್ಯದ ನಡುವೆ, ಲೋಕವೆಲ್ಲ ನೋಡುತ್ತಿರುವಾಗ, ಪದಕ ಕೈಗೆ ಎಟುಕುವಷ್ಟು ಹತ್ತಿರವಿರುವಾಗ. ಬರಲಾಗದೆಂಬುದು ಖಚಿತವಾದ ಮೇಲೆಯೆ ಹೊರಟುಹೋದರು. ಬೆಕೆಲೆ ಮೊದಲನೆಯವನು, ಸಿಹಿನೆ ಎರಡನೆಯವನು, ಹೈಲೆ ಐದನೆಯವನು.

ಈ ಹಿಂದಿರುಗಿ ನೋಡುವ ನೋಟವನ್ನು ನಾನು ಬಹಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದೇನೆ. ಅದರಲ್ಲಿ ಗೌರವವಿತ್ತೆಂಬುದು ಎಲ್ಲರಿಗೂ ಕಾಣುವಂಥದು. ಗೌರವದ ಜೊತೆಗೆ ಅಲ್ಲಿ ಇನ್ನೊಂದು ವಸ್ತುವೂ ಇತ್ತೆಂದು ನನಗೆ ತೋರುತ್ತದೆ. ಅದು ಒಂದು ಬಗೆಯ ಅಗತ್ಯ. ಕಾಲುನೋವಿನ ಹೈಲೆಯನ್ನು ಗೆಲ್ಲುವುದು ಬೆಕೆಲೆಗೆ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದವನು ಸಿಡ್ನಿಯ ಹೈಲೆ, ಟೆರ್ಗಾಟನನ್ನು ಕಡೆಯ ಹೆಜ್ಜೆಯಲ್ಲಿ ಮೀರಿದ ಹೈಲೆ. ಹಿರಿಯನು ಕುಂದಿದರೆ ಕಿರಿಯನ ಗೆಲವೂ ಅಷ್ಟರ ಮಟ್ಟಿಗೆ ಕುಂದುತ್ತದೆ. ಆದ್ದರಿಂದ ನಿಜವಾದ ಓಟಗಾರನು ಹಿಂದಿನ ವೀರನನ್ನು ಹಳಿಯಲಾರ, ಅವನ ಕಾಲವೇ ಸುಲಭದ್ದಾಗಿತ್ತೆಂದು ಹೇಳಿ ಕಿರಿದುಮಾಡಲಾರ. ಹಾಗೆ ಮಾಡಿದರೆ ತಾನು ಏರಬೇಕೆಂದಿರುವ ಬೆಟ್ಟವನ್ನು ತಾನೇ ಅಗೆದು ತಗ್ಗಿಸಿದಂತೆ. ದಾಖಲೆಯ ಮೇಲೆ ಇವರಿಗೆಲ್ಲ ಇರುವ ಮೋಹದ ಕಾರಣವೂ ಇದೇ ಎಂದು ನನ್ನ ಅಭಿಪ್ರಾಯ. ಮನುಷ್ಯನು ಮುಪ್ಪಾಗುತ್ತಾನೆ, ಅವನ ಹಿಮ್ಮಡಿ ನೋಯುತ್ತದೆ. ದಾಖಲೆಯೊಳಗಿನ ಮನುಷ್ಯನಿಗೆ ಮುಪ್ಪಿಲ್ಲ, ನೋವಿಲ್ಲ. ಅಲ್ಲಿ ಅವನು ತನ್ನ ಬಾಳಿನ ಅತ್ಯುತ್ತಮವಾದ ಸಂಜೆಯನ್ನು ನಿತ್ಯವೂ ಓಡುತ್ತಿರುತ್ತಾನೆ.

ಈಚಿನ ವರ್ಷಗಳಲ್ಲಿ ಆ ಅದೃಶ್ಯನಾದ ಎದುರಾಳಿಯನ್ನು ಕಣ್ಣಿಗೆ ಕಾಣುವಂತೆಯೂ ಮಾಡಿಬಿಟ್ಟಿದ್ದಾರೆ. ಪಥದ ಒಳ ಅಂಚಿನ ಉದ್ದಕ್ಕೂ ಸಣ್ಣ ದೀಪಗಳನ್ನು ಕೂರಿಸಿ, ಗೊತ್ತುಮಾಡಿದ ವೇಗಕ್ಕೆ ಸರಿಯಾಗಿ ಅವು ಒಂದಾದ ಮೇಲೊಂದು ಬೆಳಗುತ್ತ ಓಡುವಂತೆ ಏರ್ಪಡಿಸುತ್ತಾರೆ. 2020ರಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೆ ಇಂಥ ಬೆಳಕಿನೊಡನೆ ಓಡಿ ಬೆಕೆಲೆಯ ಎರಡು ದಾಖಲೆಗಳನ್ನೂ ಮುರಿದನು. ವೆಲೆನ್ಸಿಯ ನಗರದಲ್ಲಿ 10,000 ಮೀಟರನ್ನು ಮುಗಿಸಿದ್ದು 26 ನಿಮಿಷ 11 ಸೆಕೆಂಡಿನಲ್ಲಿ. ಸಾಂಕ್ರಾಮಿಕದ ವರ್ಷವಾದುದರಿಂದ ಕ್ರೀಡಾಂಗಣದಲ್ಲಿ ಪ್ರೇಕ್ಷಕರೇ ವಿರಳ. ನುರ್ಮಿಯ ಅಂಗೈಯಲ್ಲಿದ್ದ ಗಡಿಯಾರವೇ ನೆಲಕ್ಕಿಳಿದು ಬೆಳಕಾಗಿ ಓಡುತ್ತಿದೆಯೇನೊ ಎನ್ನಿಸುತ್ತದೆ. ಇದು ಸರಿಯೊ ತಪ್ಪೊ ಎಂಬ ವಾದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಆ ಬೆಳಕು ಹಿಂದಿರುಗಿ ನೋಡಲಾರದು, ಕಾಯಲಾರದು.

ಮನುಷ್ಯರು ಕಾಯುತ್ತಾರೆ. 1956ರ ಡಿಸೆಂಬರ್ 1ರಂದು ಮೆಲ್ಬೋರ್ನಿನಲ್ಲಿ ಅಲ್ಜೀರಿಯದಲ್ಲಿ ಹುಟ್ಟಿ ಫ್ರಾನ್ಸಿಗಾಗಿ ಓಡುತ್ತಿದ್ದ ಅಲೆನ್ ಮಿಮೂನ್ ಮ್ಯಾರಥಾನ್ ಗೆದ್ದನು. ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದು, ಅದನ್ನು ಕತ್ತರಿಸಬೇಕಾದೀತೆಂಬ ಹಂತದಿಂದ ಉಳಿದುಬಂದವನು. ಲಂಡನ್ನಿನಲ್ಲೊಮ್ಮೆ, ಹೆಲ್ಸಿಂಕಿಯಲ್ಲಿ ಎರಡು ಬಾರಿ ಝಾಟೊಪೆಕನ ಹಿಂದೆ ಎರಡನೆಯವನಾಗಿ ಬೆಳ್ಳಿಯನ್ನು ಪಡೆದವನು. ಗೆದ್ದ ಮೇಲೆ ಛಾಯಾಚಿತ್ರಗಾರರ ಬಳಿಗೆ ಹೋಗದೆ, ಗೆರೆಯ ಪಕ್ಕದಲ್ಲಿಯೆ ನಿಂತು ದಾರಿ ನೋಡಿದನು. ಕೆಲವೇ ವಾರಗಳ ಹಿಂದೆ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಝಾಟೊಪೆಕ್ ಆರನೆಯವನಾಗಿ, ತೀರ ದಣಿದು ಬಂದನು. ಮಿಮೂನ್ ತಾನು ಗೆದ್ದೆನೆಂದು ಹೇಳಿದಾಗ ಝಾಟೊಪೆಕ್ ತಲೆಯ ಟೊಪ್ಪಿಗೆಯನ್ನು ತೆಗೆದು, ಸೈನಿಕನ ರೀತಿಯಲ್ಲಿ ವಂದಿಸಿ, ಅವನನ್ನು ತಬ್ಬಿಕೊಂಡನು. ಪದಕಕ್ಕಿಂತ ಅದೇ ತನಗೆ ಹಿರಿದಾಗಿತ್ತೆಂದು ಮಿಮೂನ್ ಮುಂದೆ ಹೇಳಿಕೊಂಡಿದ್ದಾನೆ.

ಅದೇ ಮೆಲ್ಬೋರ್ನಿನ ಪ್ರಾರಂಭೋತ್ಸವದಲ್ಲಿ ಜ್ಯೋತಿಯನ್ನು ಬೆಳಗಿದವನು ಹತ್ತೊಂಬತ್ತು ವರ್ಷದ ಒಬ್ಬ ಆಸ್ಟ್ರೇಲಿಯದ ಹುಡುಗ, ರಾನ್ ಕ್ಲಾರ್ಕ್. ಹೆಲ್ಸಿಂಕಿಯಲ್ಲಿ ಜ್ಯೋತಿಯನ್ನು ಹೊತ್ತವರು ಬಾಳಿನ ಓಟವನ್ನು ಮುಗಿಸಿದ್ದವರು, ಇವನಿನ್ನೂ ಹೊರಡಬೇಕಾಗಿದ್ದವನು. ಹೊರಟ ಮೇಲೆ ಇವನು ಮಾಡಿದ್ದನ್ನು ನೋಡಿ: 1965ರ ಜುಲೈ 14ರಂದು ಆಸ್ಲೊ ನಗರದಲ್ಲಿ 10,000 ಮೀಟರನ್ನು 27 ನಿಮಿಷ 39.4 ಸೆಕೆಂಡಿನಲ್ಲಿ ಓಡಿ, 28 ನಿಮಿಷದ ಗಡಿಯನ್ನು ದಾಟಿದ ಮೊದಲಿಗನಾದನು. ಹನ್ನೊಂದು ವರ್ಷಗಳ ಹಿಂದೆ 29 ನಿಮಿಷದ ಗಡಿಯನ್ನು ದಾಟಿದ ಮೊದಲಿಗ ಝಾಟೊಪೆಕ್. ದಾಖಲೆಯ ಪುಸ್ತಕದಲ್ಲಿ ಹಿಂದಿನ ವೀರರೆಲ್ಲರನ್ನೂ ಗೆದ್ದವನು ಕ್ಲಾರ್ಕ್. ಆದರೆ 1964ರಲ್ಲಿ ಟೋಕಿಯೊದ 10,000 ಮೀಟರ್ ಓಟದಲ್ಲಿ, ವಿಶ್ವದಾಖಲೆ ತನ್ನ ಹೆಸರಿನಲ್ಲಿರುವಾಗಲೆ, ಯಾರೂ ಎಣಿಸದಿದ್ದ ಅಮೆರಿಕದ ಬಿಲ್ಲಿ ಮಿಲ್ಸ್ ಮತ್ತು ಟ್ಯುನೀಷಿಯದ ಗಮ್ಮೂದಿ ಕಡೆಯ ಸುತ್ತಿನಲ್ಲಿ ಅವನನ್ನು ಮೀರಿದರು. ಅವನಿಗೆ ದೊರೆತದ್ದು ಕಂಚು. ಒಲಿಂಪಿಕ್ ಚಿನ್ನ ಅವನ ಬಾಳಿನಲ್ಲಿ ಬರಲೇ ಇಲ್ಲ. ಹಿಡಿದ ವೇಗವನ್ನು ಬಚ್ಚಿಡದೆ, ಮೊದಲ ಸುತ್ತಿನಿಂದಲೆ ಮುಂದೆ ನಿಂತು, ಬಂದವರು ಬರಲೆಂದು ಓಡುತ್ತಿದ್ದ ಅವನ ಮಾರ್ಗವನ್ನು ಅವಿವೇಕವೆಂದವರಿದ್ದಾರೆ. ನಾನು ಆ ಪಕ್ಷದವನಲ್ಲ. ಎದುರಿಗಿದ್ದ ನಾಲ್ಕೈದು ಮಂದಿಯೊಡನೆ ಮಾತ್ರವಲ್ಲದೆ, ಹಿಂದೆ ಓಡಿದವರೆಲ್ಲರೊಡನೆಯೂ ಓಡುತ್ತಿದ್ದವನಿಗೆ ಬೇರೆ ದಾರಿಯಿರಲಿಲ್ಲ.

1966ರಲ್ಲಿ ಝಾಟೊಪೆಕ್ ಕ್ಲಾರ್ಕನನ್ನು ಪ್ರಾಗ್ ನಗರಕ್ಕೆ ಕರೆಸಿಕೊಂಡನು. ಪಂದ್ಯವಾಯಿತು, ಊರು ಸುತ್ತಿದ್ದಾಯಿತು, ಇಬ್ಬರೂ ಕೂಡಿ ಓಡಿದ್ದೂ ಆಯಿತು. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೈ ಕುಲುಕುತ್ತ ಝಾಟೊಪೆಕ್ ಒಂದು ಸಣ್ಣ ಪೊಟ್ಟಣವನ್ನು ಅವನ ಕೈಯಲ್ಲಿಟ್ಟನು. ಇದು ಸ್ನೇಹಕ್ಕಾಗಿಯಲ್ಲ, ನಿನಗೆ ಸಲ್ಲತಕ್ಕದ್ದೆಂದು ಕೊಡುತ್ತಿದ್ದೇನೆ ಎಂಬ ಭಾವದ ಮಾತನ್ನಾಡಿದನು. ಕಮ್ಯುನಿಸ್ಟ್ ಆಡಳಿತದ ಆ ದಿನಗಳಲ್ಲಿ, ಹೊರದೇಶಕ್ಕೆ ಗುಟ್ಟಾಗಿ ಸಾಗಿಸಬೇಕಾದ ಯಾವುದೊ ಪತ್ರವಿರಬಹುದೆಂದು ಕ್ಲಾರ್ಕ್ ಭಾವಿಸಿದನು. ಆದ್ದರಿಂದ ಪ್ರಾಗ್ ಬಿಡುವವರೆಗೂ ಅದನ್ನು ಬಿಚ್ಚಲಿಲ್ಲ. ಬಿಚ್ಚಿದಾಗ ಒಳಗಿದ್ದದ್ದು 1952ರ ಹೆಲ್ಸಿಂಕಿಯ 10,000 ಮೀಟರ್ ಓಟದ ಚಿನ್ನದ ಪದಕ. ನಮ್ಮ ಕಥೆಯ ದ್ರೋಣನು ಶಿಷ್ಯನಿಂದ ಹೆಬ್ಬೆರಳನ್ನು ಬೇಡಿ ತೆಗೆದುಕೊಂಡನು. ಇಲ್ಲಿ ದಕ್ಷಿಣೆ ಕೊಟ್ಟವನು ಗುರು. ದಾಖಲೆಯಲ್ಲಿ ಶಿಷ್ಯನಿಗೆ ಸೋತವನು, ಶಿಷ್ಯನು ಸೋತ ಕಡೆಯಲ್ಲಿ ತನ್ನ ಗೆಲವನ್ನೇ ಇಟ್ಟುಕೊಟ್ಟನು.

ಇಲ್ಲಿಗೆ ಈ ಕಥೆ ಮುಗಿಯುವುದಿಲ್ಲ. ಎರಡು ವರ್ಷಗಳ ತರುವಾಯ ಮೆಕ್ಸಿಕೊ ನಗರದಲ್ಲಿ, ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ ಒಲಿಂಪಿಕ್ ನಡೆಯಿತು. ಆ ತೆಳುಗಾಳಿಯಲ್ಲಿ, ಎತ್ತರದ ನಾಡುಗಳಲ್ಲಿ ಹುಟ್ಟಿ ಬೆಳೆದವರನ್ನು ಸಮುದ್ರತೀರದವನು ದೂರದ ಓಟದಲ್ಲಿ ಗೆಲ್ಲುವುದು ದುಸ್ಸಾಧ್ಯವೆಂಬುದು ಕ್ಲಾರ್ಕನಿಗೆ ತಿಳಿದಿತ್ತು. ಝಾಟೊಪೆಕನ ಪದಕ ಅವನ ಬಳಿಯಲ್ಲಿತ್ತು. ಆ ಪದಕಕ್ಕೆ ಅವನು ಅರ್ಹನೆಂದು ಲೋಕದಲ್ಲಿ ಹೇಳಬಲ್ಲ ಒಬ್ಬನೇ ಮನುಷ್ಯ ಹೇಳಿಯೂ ಆಗಿತ್ತು. ಆದರೂ ಅವನು 10,000 ಮೀಟರ್ ಓಟಕ್ಕೆ ನಿಂತನು. ಕಡೆಯ ಸುತ್ತುಗಳವರೆಗೂ ಮುಂದಿನವರನ್ನು ಬಿಡದೆ ಹಿಡಿದುಕೊಂಡನು. ಆರನೆಯವನಾಗಿ ಗೆರೆಯನ್ನು ದಾಟಿ, ಪ್ರಜ್ಞೆ ತಪ್ಪಿ ನೆಲಕ್ಕೆ ಬಿದ್ದನು. ಮೂಗುಬಾಯಿಗೆ ಆಮ್ಲಜನಕದ ಮುಖವಾಡವನ್ನು ಇಟ್ಟು ವೈದ್ಯನು ಅವನ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದನು.